ಪೇಟರನ ಮಗ, ಸುಜಾತಳ ಮಗಳು

ನಮ್ಮ ಅಡುಗೆಮನೆಯಲ್ಲಿ ಹೆಸರಿಲ್ಲದ ಪಾತ್ರೆ ಒಂದೂ ಇಲ್ಲ. ಲೋಟದ ಕಂಠದಲ್ಲಿ, ತಟ್ಟೆಯ ಬೆನ್ನಿನಲ್ಲಿ, ಸೌಟಿನ ಹಿಡಿಯಲ್ಲಿ, ಎಲ್ಲಿ ಎರಡು ಬೆರಳಗಲ ಜಾಗ ಸಿಕ್ಕಿತೋ ಅಲ್ಲೆಲ್ಲ ಚುಕ್ಕಿ ಚುಕ್ಕಿಯಾಗಿ ಅಕ್ಷರ ಕೊರೆಸಿದ್ದೇವೆ. ನೀವೂ ಕೊರೆಸಿರುತ್ತೀರಿ, ಸ್ಟೀಲಿನ ಪಾತ್ರೆ ಕೊಂಡು ಹೆಸರು ಹಾಕಿಸದೆ ಅಂಗಡಿಯ ಮೆಟ್ಟಿಲಿಳಿದ ಹೆಂಗಸನ್ನು ನಾನಂತೂ ನೋಡಿಲ್ಲ. ಮಗಳು ಸುಜಾತಳ ಮದುವೆಗೆ ಪಾತ್ರೆ ಕೊಳ್ಳುವಾಗ ಕೊರೆಯುವವನು ಯಂತ್ರ ಹಿಡಿದುಕೊಂಡು ಇನಿಷಿಯಲ್ ಏನು ಎಂದು ಕೇಳಿದ. ಚೆನ್ನೈಯಲ್ಲಿ ಬರಿಯ ಹೆಸರಿನಲ್ಲಿ ಯಾರೂ ಬದುಕುವುದಿಲ್ಲ. ಹೆಸರಿನ ಮುಂದೆ ಅಪ್ಪನ ಹೆಸರಿನ ಮೊದಲಕ್ಷರ ಇರಬೇಕು. ಮದುವೆಯಾದ ಮೇಲೆ ಹೆಂಗಸಿಗೆ ಆ ಜಾಗದಲ್ಲಿ ಗಂಡನ ಅಕ್ಷರ ಬಂದು ಕೂರುತ್ತದೆ. ನಾನು ಇನಿಷಿಯಲ್ ಬೇಡ, ಪಾತ್ರೆ ಅವಳದು ಎಂದೆ. ಒಳ್ಳೆಯದೇ ಆಯಿತು. ಮೊಮ್ಮಗಳು ಅಕ್ಷತಾ ಇನ್ನೂ ಅಂಬೆಗಾಲಿಡುತ್ತಿದ್ದಾಗ ಅಳಿಯ ದಿನಕರ ಬಿಟ್ಟು ಹೋದ. ಒಂದು ಲೋಟವನ್ನೂ ಉಜ್ಜಿ ಅಳಿಸುವ ಕೆಲಸ ನಮಗೆ ಬೀಳಲಿಲ್ಲ.

ಬಿಟ್ಟು ಹೋದ ಎಂದರೆ ತೀರಿಕೊಂಡ ಎಂದು ತಿಳಿಯಬೇಡಿ. ವೇಲಚೇರಿಯಲ್ಲಿದ್ದಾನೆ, ಇನ್ನೊಂದು ಸಂಸಾರದ ಜೊತೆ, ನನಗಿಂತ ಒಳ್ಳೆಯ ಆರೋಗ್ಯದಲ್ಲಿದ್ದಾನೆ. ಅವನನ್ನು ಬೈಯಲು ನಾನು ಇದನ್ನು ಬರೆಯುತ್ತಿಲ್ಲ. ಬೈಯುವುದಿದ್ದದ್ದನ್ನು ಆ ಕಾಲದಲ್ಲೇ ಮುಖದ ಮುಂದೆ ಬೈದು ಮುಗಿಸಿದ್ದೇನೆ.

ಹೇಳಹೊರಟದ್ದು ಹೆಸರಿನ ವಿಚಾರ. ಹೆಸರೆಂಬುದು ಎಷ್ಟು ವಿಚಿತ್ರವಾದ ಆಭರಣ ನೋಡಿ: ಮೈಮೇಲೆ ಇರುವುದು ನಮ್ಮದು, ಮಾಡಿಸಿದವರು ಬೇರೆಯವರು, ಉಪಯೋಗಿಸುವವರು ಊರವರು. ಈ ಯೋಚನೆ ನನ್ನ ತಲೆಗೆ ಹೊಕ್ಕಿದ್ದು ಸೆರ್ಬಿಯಾ ಎಂಬ ದೇಶದ ಒಬ್ಬ ಮನುಷ್ಯನಿಂದ. ನುಂಗಂಬಾಕ್ಕಂನ ಹಳೆಯ ಬೀದಿಯೊಂದರಲ್ಲಿ ನಮ್ಮ ಹೋಟೆಲಿದೆ. ನನ್ನ ಗಂಡ ಕುಂದಾಪುರದ ಕಡೆಯಿಂದ ಬಂದು ಹಾಕಿದ ಸಸ್ಯಾಹಾರಿ ಹೋಟೆಲು. ಮೀನು ಮನೆಗೆ ಮಾತ್ರ, ಅದೂ ಬಾಗಿಲು ಹಾಕಿಕೊಂಡು. ಸ್ವಲ್ಪ ದೂರದಲ್ಲಿ ಟೆನಿಸ್ ಆಡುವ ಅಂಗಳಗಳಿವೆ. ಅಕ್ಷತಾ ಚಿಕ್ಕಂದಿನಿಂದ ಅಲ್ಲೇ ಆಡಿ ಬೆಳೆದವಳು. ಅವಳಿಗೆ ಕಲಿಸಲು ಬಂದ ಹೊಸ ಕೋಚ್ ಈ ಸೆರ್ಬಿಯಾದವನು. ತೆಂಗಿನಮರದಂತೆ ಉದ್ದ, ಮೂಗೂ ಹಾಗೆಯೇ. ಬೆಳಗಿನ ಆಟ ಮುಗಿಸಿ ಅಕ್ಷತಾಳ ಜೊತೆ ನಮ್ಮಲ್ಲಿಗೆ ಬಂದು ನೀರುದೋಸೆಗೆ ಸಕ್ಕರೆ ಹಾಕಿಸಿಕೊಂಡು ತಿನ್ನುತ್ತಾನೆ. ಸಕ್ಕರೆಯನ್ನು ನಾನು ಕ್ಷಮಿಸಿದ್ದೇನೆ.

ಅವನ ಮನೆಹೆಸರು ಪೆಟ್ರೊವಿಚ್. ನಾಲ್ಕನೇ ಕ್ಲಾಸಿನಲ್ಲಿ ಸ್ಲೇಟು ಕೆಳಗಿಟ್ಟವಳು ನಾನು, ಅವನ ಇಂಗ್ಲಿಷು ನನಗೆಲ್ಲಿ ತಿಳಿಯಬೇಕು. ಅಕ್ಷತಾ ನಡುವೆ ಕುಳಿತು ಆಚೆಗೂ ಈಚೆಗೂ ದಾಟಿಸಿದಳು. ಕೊನೆಯ ಇಚ್ ಎಂಬುದಕ್ಕೆ ಚಿಕ್ಕವನು, ಮಗ ಎಂದರ್ಥವಂತೆ. ಪೆಟ್ರೊವಿಚ್ ಎಂದರೆ ಪೇಟರನ ಮಗ. ಹಾಗಾದರೆ ನಿನ್ನ ಅಪ್ಪ ಪೇಟರೋ ಎಂದು ಕೇಳಿಸಿದೆ. ಅಲ್ಲ, ಅಪ್ಪ ಜೋರಾನ್. ಅಜ್ಜ? ಅವರೂ ಬೇರೆ ಏನೋ. ಮತ್ತೆ ಈ ಪೇಟರ್ ಯಾರು? ಅವನು ದೋಸೆ ಮಡಿಸುತ್ತ ನಕ್ಕುಬಿಟ್ಟ. ಯಾರಿಗೂ ಗೊತ್ತಿಲ್ಲವಂತೆ. ಎಲ್ಲೋ ಗುಡ್ಡದ ಮೇಲೆ ಕುರಿ ಕಾಯುತ್ತಿದ್ದ ಅಜ್ಜನೊಬ್ಬ ಇದ್ದಿರಬೇಕು ಎಂದ.

ಹಿಂದೆ ಅವರಲ್ಲಿಯೂ ನಮ್ಮ ಚೆನ್ನೈಯ ಹಾಗೆಯೇ ತಲೆಮಾರು ತಲೆಮಾರಿಗೆ ಹೆಸರು ಬದಲಾಗುತ್ತಿತ್ತಂತೆ; ಅಪ್ಪ ಯಾರೋ ಅವನ ಹೆಸರಿನ ಮಗ. ಆಮೇಲೆ ಒಂದು ಕಾಲದಲ್ಲಿ ಸರ್ಕಾರ ಸಾಕು ಎಂದಿತು. ಆಗ ಯಾರ ಹೆಸರಿನಲ್ಲಿ ಯಾರಿದ್ದರೋ ಅಲ್ಲಿಗೇ ನಿಂತಿತು. ನನಗೆ ಸಟ್ಟನೆ ಅರ್ಥವಾಯಿತು: ಇಲ್ಲಿ ಇನ್ನೂ ಹಾಲಾಗಿರುವುದು ಅಲ್ಲಿ ಹೆಪ್ಪುಗಟ್ಟಿ ಮೊಸರಾಗಿದೆ. ಒಬ್ಬ ಕುರಿಕಾಯುವವನ ಹೆಸರು ಹೆಪ್ಪಾಗಿ, ಅವನನ್ನು ಕಾಣದ, ಕೇಳದ ಸಾವಿರಾರು ಜನ ಇಂದಿಗೂ ಅವನ ಮಕ್ಕಳು. ಗಂಡಸರು ಮಾತ್ರವಲ್ಲ, ಇವನ ತಂಗಿಯೂ ಪೆಟ್ರೊವಿಚ್, ಅವಳೂ ಪೇಟರನ ಮಗನೇ.

ಅಕ್ಷತಾ ಮೊಬೈಲು ತೆಗೆದು ಆ ಹೆಸರಿನ ದೊಡ್ಡ ಮನುಷ್ಯರು ಯಾರು ಯಾರು ಎಂದು ಹುಡುಕಿದಳು. ಓದಿದಷ್ಟೂ ಮುಗಿಯದು. ದಂಗೆ ಎಬ್ಬಿಸಿದವರು, ನಾಡು ಆಳಿದವರು, ಚಿತ್ರ ಬರೆದ ಹೆಂಗಸು, ಚೆಸ್ಸಿನವರು, ಬಾಸ್ಕೆಟ್‌ಬಾಲಿನವರು. ಫುಟ್‌ಬಾಲಿನವರಂತೂ ಒಂದು ಮದುವೆ ದಿಬ್ಬಣಕ್ಕಾಗುವಷ್ಟು. ಕೋಚ್ ಒಂದೊಂದು ಹೆಸರಿಗೂ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದ, ಎಲ್ಲರೂ ತನ್ನ ಚಿಕ್ಕಪ್ಪನ ಮಕ್ಕಳೋ ಎಂಬಂತೆ. ಒಬ್ಬರಾದರೂ ನಿನ್ನ ನೆಂಟರೋ ಎಂದರೆ, ಇಲ್ಲ. ಆದರೂ ಹೆಮ್ಮೆ. ನನಗೆ ನಗು ಬಂತು, ತಪ್ಪೆನ್ನಿಸಲಿಲ್ಲ. ಒಂದೇ ಹೆಸರಿನ ನೆರಳಿನಲ್ಲಿ ಇಷ್ಟೊಂದು ಜನ ನಿಲ್ಲುವುದಾದರೆ ಆ ಮರವನ್ನು ನೆಟ್ಟವನು ಯಾರಾದರೇನು.

ನಮ್ಮ ಕಡೆಯ ಕ್ರಮ ಬೇರೆ. ನಮ್ಮದು ಅಳಿಯಕಟ್ಟು. ಅಂದರೆ ಮಕ್ಕಳು ತಾಯಿಯ ವಂಶದವರು. ಬಳಿ ಎಂದು ಕರೆಯುವ ಕುಲದ ಗುರುತು ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಇಳಿಯುತ್ತದೆ. ನನ್ನ ಬಳಿಯೇ ಸುಜಾತಳದು, ಅದೇ ಅಕ್ಷತಾಳದು. ಅದಕ್ಕಾಗಿ ನಾವು ಹೆಂಗಸರು ಅಲ್ಲಿ ರಾಣಿಯರಂತೆ ಬದುಕಿದೆವು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ವಂಶ ತಾಯಿಯದು, ಬೀಗದ ಕೈ ಸೋದರಮಾವನದು. ಆದರೂ ಕುಲ ಕೇಳಿದರೆ ತಾಯಿಯನ್ನು ತೋರಿಸುತ್ತಿದ್ದೆವು, ಅಷ್ಟು ನಿಜ. ಇಂಥ ನಾವು ಈ ಊರಿಗೆ ಬಂದು, ಶಾಲೆಯಲ್ಲಿ ಇನಿಷಿಯಲ್ ಕೇಳಿದ ಕೂಡಲೆ ಎಲ್ಲರಂತೆ ಅಪ್ಪನ ಅಕ್ಷರ ಕೊಟ್ಟು ಬಂದೆವು. ಶೆಟ್ಟಿ ಎಂದು ಹಾಕಬಹುದಿತ್ತಲ್ಲ ಎನ್ನುತ್ತೀರಿ. ಇಲ್ಲಿ ಜಾತಿಯ ಬಾಲ ಕತ್ತರಿಸಿ ಬಹಳ ಕಾಲವಾಯಿತು, ನಾವೂ ಕತ್ತರಿಸಿಕೊಂಡೆವು. ಅಲ್ಲದೆ ಶೆಟ್ಟಿ ಎಂದು ಕೂಗಿದರೆ ಚೆನ್ನೈಯ ಅರ್ಧಕ್ಕರ್ಧ ಹೋಟೆಲುಗಳ ಗಲ್ಲಾಗಳಿಂದ ತಲೆ ಎತ್ತುತ್ತಾರೆ.

ತೊಂದರೆ ಬಂದದ್ದು ಅಕ್ಷತಾ ದೊಡ್ಡ ಪಂದ್ಯಗಳಿಗೆ ಕಾಲಿಟ್ಟಾಗ. ಪಾಸ್‌ಪೋರ್ಟಿಗೆ ಬರಿಯ ಅಕ್ಷರ ಸಾಲದು, ಮನೆಹೆಸರು ಪೂರ್ತಿ ಬೇಕು ಎಂದರು. ಈ ಊರಿನವರೆಲ್ಲ ಮಾಡುವುದನ್ನೇ ನಾವೂ ಮಾಡಿದೆವು. ಇನಿಷಿಯಲನ್ನು ಬಿಡಿಸಿ ಅಪ್ಪನ ಹೆಸರನ್ನೇ ಮನೆಹೆಸರಿನ ಜಾಗದಲ್ಲಿ ಬರೆಸಿದೆವು. ಟೆನಿಸ್‌ನಲ್ಲಿ ಆಟಗಾರರನ್ನು ಕೂಗುವುದು ಮನೆಹೆಸರಿನಿಂದ ಎಂಬುದು ಆಗ ನಮಗೆ ಹೊಳೆಯಲೇ ಇಲ್ಲ. ಮೊದಲ ದೊಡ್ಡ ಪಂದ್ಯದ ದಿನ ಎತ್ತರದ ಕುರ್ಚಿಯ ಮೇಲೆ ಕುಳಿತ ಅಂಪೈರು, ಬೆವರಿ ನಿಂತ ನಮ್ಮ ಹುಡುಗಿಯನ್ನು ದಿನಕರ ದಿನಕರ ಎಂದು ಕರೆಯತೊಡಗಿದ. ಚೆಂಡು ಹೊಡೆಯುವವಳು ಅಕ್ಷತಾ, ಗೆಲ್ಲುವವನು ದಿನಕರ. ಬಿಸಿಲಿನಲ್ಲಿ ಟವೆಲು, ನೀರು, ಬಾಳೆಹಣ್ಣು ಹಿಡಿದು ನಿಂತ ಸುಜಾತ ಯಾರ ಬಾಯಲ್ಲೂ ಇಲ್ಲ. ಬೆಳಕು ಹರಿಯುವ ಮೊದಲು ಆ ಹುಡುಗಿಯನ್ನು ಸ್ಕೂಟರಿನಲ್ಲಿ ಅಂಗಳಕ್ಕೆ ಮುಟ್ಟಿಸಿ, ಓಡಿ ಬಂದು ದೋಸೆಕಲ್ಲಿನ ಮುಂದೆ ನಿಲ್ಲುತ್ತಿದ್ದವಳು ಅವಳು.

ಅಂದು ದಿನಕರನೂ ನೋಡಲು ಬಂದಿದ್ದ. ಬರಬಾರದೆಂದು ಯಾರೂ ಹೇಳಿರಲಿಲ್ಲ. ಅಕ್ಷತಾ ಗೆದ್ದಳು, ಗೆದ್ದ ಹೆಸರನ್ನು ಕೂಗಿದರು, ಅವನು ಎರಡೂ ಕೈ ಮೇಲೆತ್ತಿ ಎದ್ದು ನಿಂತು ಪಕ್ಕದವರಿಗೆ, “ನನ್ನ ಹೆಸ್ರ್ ಉಳ್ಸಿದ್ಲ್ ಕಾಣಿ” ಎಂದ. ನಾವು ಅವನ ಹಿಂದಿನ ಸಾಲಿನಲ್ಲೇ ಇದ್ದೆವು. ಸುಜಾತ ನೀರಿನ ಬಾಟಲಿಯ ಮುಚ್ಚಳವನ್ನು ಬಿಗಿ ಮಾಡಿದಳು. ಆಗಲೇ ಬಿಗಿಯಾಗಿದ್ದ ಮುಚ್ಚಳ ಅದು.

ಆ ಮಾತು ಹೇಗೋ ಅಕ್ಷತಾಳ ಕಿವಿಗೂ ಬಿತ್ತು. ಮಾರನೆಯ ದಿನ ಊಟದ ಗಿರಾಕಿಗಳು ಖಾಲಿಯಾದ ಹೊತ್ತಿನಲ್ಲಿ ಹೋಟೆಲಿಗೆ ಬಂದು, ತನ್ನ ಮನೆಹೆಸರನ್ನು ಅಮ್ಮನ ಹೆಸರಿಗೆ ಬದಲಾಯಿಸುತ್ತೇನೆ ಎಂದಳು. ಪ್ರಾಯಕ್ಕೆ ಬಂದಿದ್ದಾಳೆ, ಯಾರ ಅಪ್ಪಣೆಯೂ ಬೇಕಿಲ್ಲ. ಹೊರದೇಶದವರೆಲ್ಲ ಬರುವ ಪಂದ್ಯ ಹತ್ತಿರವಿದೆ, ಅದಕ್ಕೆ ಮೊದಲೇ ಆಗಬೇಕು. ಅವಳು ಕೇಳಿದ್ದು ಅಮ್ಮ ಹೂಂ ಎನ್ನಬೇಕು, ಅಷ್ಟೆ. ಅಮ್ಮ ಮಾತ್ರ ಹೂಂ ಎನ್ನಲಿಲ್ಲ. ಅಪ್ಪನ ಹೆಸರು ಕಿತ್ತುಹಾಕಿಸಿದಳು ಎಂದು ಜನ ಆಡಿಕೊಳ್ಳುತ್ತಾರೆ ಎಂದಳು, ಇದ್ದದ್ದು ಇರಲಿ ಎಂದಳು, ಕೊನೆಗೆ ಒರೆಸಿದ ಮೇಜನ್ನೇ ಮತ್ತೆ ಒರೆಸಿದಳು.

ಕೋಚ್ ಮೂಲೆಯ ಮೇಜಿನಲ್ಲಿದ್ದ. ಏನು ಗಲಾಟೆ ಎಂದು ವಿಚಾರಿಸಿದ, ಅಕ್ಷತಾ ಹೇಳಿದಳು. ಅವನು ಸ್ವಲ್ಪ ಯೋಚಿಸಿ, ತಮ್ಮಲ್ಲಿ ಎಲ್ಲರೂ ಅಪ್ಪಂದಿರ ಮಕ್ಕಳಲ್ಲ ಎಂದ. ಗಂಡ ಸತ್ತೋ, ಎಲ್ಲೋ ಹೋಗಿಯೋ, ಹೆಂಗಸೊಬ್ಬಳೇ ಮನೆ ನಡೆಸಿದಲ್ಲಿ ಊರವರು ಮಕ್ಕಳನ್ನು ಅವಳ ಹೆಸರಿನಿಂದಲೇ ಕರೆದರಂತೆ. ಕಾತಾ ಎಂಬವಳ ಮಕ್ಕಳು ಕಾತಿಚ್. ಆ ಹೆಸರುಗಳೂ ಹಾಗೆಯೇ ಉಳಿದಿವೆ, ಆ ಹೆಸರಿನಲ್ಲೂ ದೊಡ್ಡವರಿದ್ದಾರೆ, ಅದನ್ನು ಯಾರೂ ಕೀಳು ಎಂದುಕೊಂಡಿಲ್ಲ. ಇಷ್ಟು ಹೇಳಿ ಅವನು ತಿಂಡಿಗೆ ತಲೆ ಬಗ್ಗಿಸಿದ. ನನಗೆ ಆ ಕಾತಾ ಎಂಬವಳು ಕಣ್ಣಿಗೆ ಕಟ್ಟಿದಂತೆ ಕಂಡಳು: ಸೆರಗನ್ನೋ ಅವರ ಕಡೆಯ ತಲೆವಸ್ತ್ರವನ್ನೋ ಬಿಗಿದುಕೊಂಡು, ಹೊಗೆಯಲ್ಲಿ ಕೆಮ್ಮುತ್ತ ಒಲೆ ಊದುತ್ತಿದ್ದಾಳೆ. ತನ್ನ ಹೆಸರು ತನಗಿಂತ ಎಷ್ಟು ದೂರ ನಡೆಯುತ್ತದೆಂಬುದರ ಸುಳಿವೂ ಅವಳಿಗಿಲ್ಲ. ಯಾರಾದರೂ ಅಂದು ಅವಳನ್ನು ಕೇಳಿದ್ದರೆ ಅವಳೂ ಬೇಡ ಎಂದೇ ಹೇಳುತ್ತಿದ್ದಳು. ಪುಣ್ಯಕ್ಕೆ ಯಾರೂ ಕೇಳಲಿಲ್ಲ.

“ಎಂತ ಹೆಣೆ, ನಿನ್ನ ಹೆಸ್ರಿಗೆ ಹುಳ ಹಿಡ್ದಿತ್ತಾ?” ಎಂದೆ ಸುಜಾತಳಿಗೆ.

ಅವಳು ಬಟ್ಟೆ ಕೆಳಗಿಟ್ಟಳು. “ಅದಲ್ಲ ಅಬ್ಬೆ. ನಾಳೆ ಅವ್ಳ್ ಸೋತ್ರೆ? ಸೋತದ್ದ್ ನನ್ನ ಹೆಸ್ರಿಂದ ಅಂತ ಹೇಳ್ತ್ರ್.”

ಇದು ಒಳಗಿದ್ದ ಮುಳ್ಳು. ಗಂಡ ಹೋದ ದಿನದಿಂದ ಮನೆಯಲ್ಲಿ ಹಾಲು ಉಕ್ಕಿದರೂ ತನ್ನಿಂದಲೇ ಎಂದುಕೊಳ್ಳುವ ಸ್ವಭಾವ ಅವಳದು. ನಾನು ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಷತಾ, ಕನ್ನಡ ಕೇಳಿಸಿಕೊಂಡು ತಮಿಳಿನಲ್ಲಿ ಉತ್ತರ ಕೊಡುವವಳು, ಶೂವಿನ ದಾರ ಕಟ್ಟುತ್ತ ತಲೆ ಎತ್ತದೆ ಹೇಳಿದಳು: “ತೋತ್ತಾಲುಂ ಉನ್ ಪೇರ್‌ದಾನ್ ಮಾ.” ಸೋತರೂ ನಿನ್ನ ಹೆಸರೇ. ಗೆದ್ದ ದಿನ ಹೆಸರು ಕೊಡಲು ಯಾರು ಬೇಕಾದರೂ ಬರುತ್ತಾರೆ ಎಂಬುದನ್ನು ಅವಳು ಹೇಳಲಿಲ್ಲ, ನಮಗಿಬ್ಬರಿಗೂ ಅದು ಕೇಳಿಸಿತು.

ಸುಜಾತ ಹೂಂ ಎಂದಳು. ಕೂಡಲೆ, ಸಂಜೆಯ ಸಾಂಬಾರಿಗೆ ಬೇಳೆ ಇಟ್ಟಿಲ್ಲ ಎಂದು ಒಳಗೆ ಹೋದಳು.

ಕಚೇರಿಗಳ ತಿರುಗಾಟ ಅಕ್ಷತಾಳೇ ಮುಗಿಸಿಕೊಂಡಳು, ಅದನ್ನು ಹೇಳಿ ನಿಮ್ಮ ತಲೆ ತಿನ್ನುವುದಿಲ್ಲ. ಪಂದ್ಯದ ದಿನ ಹೋಟೆಲಿಗೆ ಬೀಗ ಹಾಕಿ ನಾವಿಬ್ಬರೂ ಹೋಗಿ ಕುಳಿತೆವು. ಎದುರಾಳಿ ಎಲ್ಲಿಯದೋ ದೇಶದ ಹುಡುಗಿ, ಚೆಂಡನ್ನು ಒಗೆಯುವ ಕಲ್ಲಿಗೆ ಬಟ್ಟೆ ಬಡಿದಂತೆ ಬಡಿಯುತ್ತಿದ್ದಳು. ಮೊದಲ ಗೇಮು ಅವಳದಾಯಿತು. ಎರಡನೆಯದನ್ನು ಅಕ್ಷತಾ ಎಳೆದಾಡಿ ಗೆದ್ದಳು. ಅಂಪೈರು ಮೈಕಿನಲ್ಲಿ, ಅಂಗಳದ ನಾಲ್ಕೂ ಕಡೆ ಕೇಳುವಂತೆ, ಗೇಮ್ ಸುಜಾತ ಎಂದ. ನನ್ನ ಪಕ್ಕದಲ್ಲಿ ಸುಜಾತ ಅರ್ಧ ಎದ್ದೇಬಿಟ್ಟಿದ್ದಳು. ಸೀರೆ ಹಿಡಿದು ಎಳೆದೆ.

“ಕೂಕೋ. ದೋಸೆಗಲ್ಲ ಕರ್ದದ್ದ್.”

ಕೂತಳು. ಆಮೇಲೆ ಆ ಹೆಸರನ್ನು ಎಷ್ಟು ಸಲ ಕೂಗಿದರೋ. ಸುಜಾತ ಎಂದರೆ ಸಾಂಬಾರು ತಾ, ಚಿಲ್ಲರೆ ಕೊಡು, ಮಗುವನ್ನು ಎಬ್ಬಿಸು ಎಂಬ ಕರೆಯನ್ನಷ್ಟೇ ಕೇಳಿದ್ದ ಕಿವಿ ಅದು. ಜೊತೆಗೆ ಯಾವ ಕೆಲಸವನ್ನೂ ಕಟ್ಟಿಕೊಳ್ಳದೆ ಬರಿಯ ಹೆಸರಾಗಿ ಅದು ಗಾಳಿಯಲ್ಲಿ ಹಾದುಹೋಗುವುದನ್ನು ಅವಳು ಕೈ ಮಡಚಿ ಕೇಳಿದಳು. ಮುಖ ನೋಡಿದೆ, ಅಳುತ್ತಿರಲಿಲ್ಲ. ಅತ್ತಿದ್ದರೆ ನಾನು ಎದ್ದು ಬೇರೆ ಕಡೆ ಕೂರುತ್ತಿದ್ದೆ. ದಿನಕರ ಎದುರುಗಡೆಯ ಸಾಲಿನಲ್ಲಿದ್ದ. ತನ್ನ ಹೆಸರಿಲ್ಲದ ಆಟಕ್ಕೂ ಮಗಳ ಒಳ್ಳೆಯ ಹೊಡೆತಗಳಿಗೆ ಚಪ್ಪಾಳೆ ತಟ್ಟಿದ. ಅಷ್ಟು ಮರ್ಯಾದೆಯನ್ನು ಅವನಿಗೆ ಕೊಡಬೇಕು, ಕೊಟ್ಟಿದ್ದೇನೆ.

ಅಕ್ಷತಾ ಸೋತಳು. ಬಿಡದೆ ಆಡಿ, ಎದುರಾಳಿಯ ಜೀವವನ್ನು ಬಾಯಿಗೆ ತರಿಸಿ ಸೋತಳು. ಬ್ಯಾಗಿಗೆ ರಾಕೆಟ್ಟು ತುರುಕುತ್ತ ನಮ್ಮ ಕಡೆ ನೋಡಿದಳು. ನಾನು ಸುಜಾತಳನ್ನು ನೋಡಿದೆ. ಇಗೋ ನನ್ನಿಂದಲೇ ಆಯಿತು ಎನ್ನುತ್ತಾಳೆ, ಅಂದಳೋ, ಈ ಬಾರಿ ನಾಲ್ಕು ಜನರ ಮುಂದೆಯೇ ಬೈದುಬಿಡುವುದು ಎಂದು ಸಿದ್ಧಳಾಗಿದ್ದೆ.

ಅವಳು ಎದ್ದು ಮೆಟ್ಟಿಲಿಳಿದು ನೇರ ಕೋಚ್‌ನ ಹತ್ತಿರ ಹೋದಳು. ಇಷ್ಟು ಕಾಲ ಅವನ ತಟ್ಟೆಗೆ ದೋಸೆ ಹಾಕಿದ್ದು ಬಿಟ್ಟರೆ ಆಟದ ವಿಚಾರ ಒಂದು ಮಾತನ್ನೂ ಅವನೊಂದಿಗೆ ಆಡಿದವಳಲ್ಲ. ತಮಿಳಿಗೆ ಇಂಗ್ಲಿಷು ಕಲಸಿ, ಎಡಗಡೆಗೆ ಬಂದ ಚೆಂಡಿಗೆಲ್ಲ ಹುಡುಗಿಯ ಕಾಲು ತಡವಾಗುತ್ತಿದೆ, ಅದಕ್ಕೆ ಏನು ಮಾಡುತ್ತೀರಿ, ಯಾವಾಗಿನಿಂದ ಮಾಡುತ್ತೀರಿ ಎಂದು ಗದರಿಸಿದಂತೆಯೇ ಕೇಳಿದಳು. ಪೇಟರನ ಮಗ ಕುರ್ಚಿಯೊಂದನ್ನು ಎಳೆದು ಅವಳಿಗಿಟ್ಟು, ತಾನು ನೆಲದ ಮೇಲೆ ಕುಳಿತು, ಉತ್ತರ ಹೇಳತೊಡಗಿದ.