ಬಾವನ ಪಿಕಪ್ಪಿಗೆ ತಂತಿ ಹಾಕಿದ ದೀಪ

ಗಾಡಿಗಳಿಗೆ ವೈರಿಂಗ್ ಮಾಡುವ ಆ ಮನುಷ್ಯನಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಅದು ಅವನ ಹೆಂಡತಿಗೂ ಥಟ್ಟನೆ ನೆನಪಾಗುತ್ತಿರಲಿಲ್ಲ. ಬೀದಿಗೆಲ್ಲ ಅವನು ತಂತಿ. ಮಾಡುವ ಕೆಲಸ ತಂತಿಯದು, ಮೈಕಟ್ಟೂ ತಂತಿಯದೇ. ಗಾಳಿ ಜೋರಾಗಿರುವ ದಿನ ಎರಡೂ ಜೇಬಿಗೆ ಒಂದೊಂದು ಸ್ಪ್ಯಾನರ್ ಇಳಿಬಿಟ್ಟುಕೊಂಡೇ ಮನೆಯಿಂದ ಹೊರಡುತ್ತಿದ್ದ. ಇಲ್ಲದಿದ್ದರೆ ಅಂಗಡಿಯ ಬದಲು ಪಕ್ಕದ ಊರಿಗೆ ಹೋಗಿ ಬೀಳುವ ಭಯ. ಇವೆರಡಕ್ಕಿಂತ ದೊಡ್ಡ ಕಾರಣ ಇನ್ನೊಂದಿತ್ತು. ಅವನ ಕಿವಿಗೆ ಬಿದ್ದ ಸುದ್ದಿ ಹಿಂದಿನ ಕಾಲದ ತಂತಿ ಸಂದೇಶಕ್ಕಿಂತ ಬೇಗ ಊರೆಲ್ಲ ಮುಟ್ಟುತ್ತಿತ್ತು. ಎದುರಿನ ಟೈರ್ ಅಂಗಡಿಯವನಿಗೆ ಮಗಳು ಹುಟ್ಟಿದ್ದು ಮೊದಲು ತಿಳಿದದ್ದೇ ತಂತಿಯಿಂದ. ಆ ಹೊತ್ತಿನಲ್ಲಿ ಹೆರಿಗೆ ಕೋಣೆಯ ಬಾಗಿಲಿಗೆ ಒರಗಿ ನಿಂತಿದ್ದವನು ಟೈರ್ ಅಂಗಡಿಯವನೇ.

ಅಂಗಡಿ ಎಂದರೆ ಒಂದು ಶಟರಿನಷ್ಟು ಅಗಲ. ಗಾಡಿ ಮೂತಿಯನ್ನು ಒಳಗಿಟ್ಟರೆ ಬಾಲ ರಸ್ತೆಯಲ್ಲಿ. ಗೋಡೆಯ ತುಂಬ ದನಿ ಸತ್ತ ಹಾರನ್‌ಗಳು, ಡಬ್ಬಿಗಳಲ್ಲಿ ಬಣ್ಣಬಣ್ಣದ ಫ್ಯೂಸುಗಳು, ಕರಗಿದ ಸೀಸದ ವಾಸನೆ. ಗಾಡಿಯೊಳಗೆ ಬಣ್ಣದ ದೀಪ ಹಾಕಿಸಿಕೊಳ್ಳುವ ಹುಚ್ಚು ಊರಿಗೆ ಹತ್ತಿದ ಮೇಲೆ ತಂತಿಗೆ ಕೈತುಂಬ ಕೆಲಸ, ತಲೆತುಂಬ ಜಂಬ. ಬೇರೆಯವರು ದೀಪದ ಪಟ್ಟಿಯನ್ನು ಕಂಡಕಂಡಲ್ಲಿ ಅಂಟಿಸಿ ಗಾಡಿಯನ್ನು ನಾಟಕದ ರಂಗ ಮಾಡಿಡುತ್ತಿದ್ದರು. ತಂತಿಯದು ಒಂದೇ ನೇಮ: ದೀಪ ಕಾಣಬಾರದು, ಬೆಳಕು ಮಾತ್ರ ಕಾಣಬೇಕು. ಹಳೇ ಚಮಚದ ಹಿಡಿಯಿಂದ ಪ್ಲಾಸ್ಟಿಕ್ ಹೊದಿಕೆಯನ್ನು ಗೀರು ಬೀಳದಂತೆ ಎಬ್ಬಿಸಿ, ವೈರನ್ನು ಅದರ ಹಿಂದೆ ಹರಿಸಿ, ಪಟ್ಟಿಯನ್ನು ಅಂಚಿನ ಒಳಮಗ್ಗುಲಿಗೆ ಸೇರಿಸಿಬಿಡುತ್ತಿದ್ದ. ಗಿರಾಕಿಯೊಬ್ಬ ತನ್ನ ಗಾಡಿಯ ದೀಪ ಎಲ್ಲಿದೆಯೆಂದು ಹುಡುಕುತ್ತ ಇಡೀ ಭಾನುವಾರ ಗಾಡಿಯಲ್ಲೇ ಕಳೆದು, ಊಟವನ್ನೂ ಅಲ್ಲಿಗೇ ತರಿಸಿಕೊಂಡನಂತೆ. ಹೇಳಿದವನು ತಂತಿಯೇ ಆದ್ದರಿಂದ ಊಟದ ಭಾಗವನ್ನು ಬಿಟ್ಟು ಉಳಿದದ್ದನ್ನು ನಂಬಬಹುದು.

ಇಂಥವನ ಅಂಗಡಿಗೆ ಒಂದು ಬೆಳಿಗ್ಗೆ ಬಾವ ಪಿಕಪ್ ತಂದು ನಿಲ್ಲಿಸಿದ.

ಬಾವ ಎಂದರೆ ತಂತಿಯ ಅಕ್ಕನ ಗಂಡ. ಗಂಡ ಹೆಂಡತಿ ಇಬ್ಬರೂ ಸೇರಿ ನರ್ಸರಿಯಿಂದ ಗಿಡದ ಕುಂಡಗಳನ್ನು ತುಂಬಿಕೊಂಡು ಬಂದು, ಸಂಜೆ ಹೊತ್ತು ಪೇಟೆಯ ಮೂಲೆಯಲ್ಲಿ ಪಿಕಪ್ಪಿನ ಹಿಂಬಾಗಿಲು ಇಳಿಸಿ ಮಾರುತ್ತಿದ್ದರು. ಇಬ್ಬರೂ ಎಂದದ್ದು ಮರ್ಯಾದೆಗೆ. ಮಾರುವವಳು ಅಕ್ಕ. ಛತ್ರಿ ರಿಪೇರಿಗೆಂದು ಹೊರಟವನೊಬ್ಬ ಅವಳ ಮಾತಿಗೆ ಸಿಕ್ಕಿ, ಎರಡು ಕಂಕುಳಲ್ಲೂ ಗುಲಾಬಿ ಕುಂಡ ಇರುಕಿಕೊಂಡು, ಛತ್ರಿಯನ್ನು ಅಲ್ಲೇ ಮರೆತು ಮನೆಗೆ ಹೋಗಿದ್ದ. ಬಾವನ ಮುಖವೋ, ಗಿಡವನ್ನು ಪುಕ್ಕಟೆ ಕೊಡುತ್ತೇನೆಂದರೂ ಜನ ಅನುಮಾನಪಟ್ಟು ರಸ್ತೆಯ ಆಚೆ ಬದಿಗೆ ಹೋಗುವಂಥದ್ದು. ಮಾತಿಗೆಲ್ಲ ಯಾರೋ ಸುಂಕ ಕಟ್ಟಿಸಿಕೊಳ್ಳುತ್ತಾರೆ ಎನ್ನುವ ಹಾಗೆ ಬಾಯಿ ಬಿಗಿಹಿಡಿದು ಬದುಕಿದವನು. ಗಾಡಿಯ ವಿಚಾರದಲ್ಲೂ ಅಷ್ಟೇ ಬಿಗಿ. ಅವನ ಪಿಕಪ್ಪಿನ ಚಾವಣಿಯ ದೀಪ ಎಂದೋ ಸತ್ತು, ಅದರ ಗೂಡಿನಲ್ಲಿ ಒಂದು ಜೇಡ ಮದುವೆಯಾಗಿ, ಮೊಮ್ಮಕ್ಕಳನ್ನೂ ಕಂಡಿತ್ತು.

ಅಂಥ ಬಾವ ಗಾಡಿಯಿಂದ ಇಳಿದು, "ಒಳಗೆ ದೀಪ ಹಾಕು. ಹುಡುಗರು ಹಾಕಿಸ್ತಾರಲ್ಲ, ಅಂಥದ್ದು" ಎಂದ.

ತಂತಿಯ ಕೈಯಲ್ಲಿದ್ದ ಇಕ್ಕಳ ಜಾರಿತು. ಯಾಕೆ ಎಂದು ಕೇಳಿದ. ಬೇಕು ಅನಿಸಿತು ಎಂದಷ್ಟೇ ಉತ್ತರ. ಹೋಗಲಿ, ಚಾವಣಿ ದೀಪವನ್ನೇ ರಿಪೇರಿ ಮಾಡಿಕೊಡುತ್ತೇನೆ, ಜೇಡಕ್ಕೆ ಬೇರೆ ಮನೆ ನೋಡೋಣ ಎಂದರೆ ಅದೂ ಬೇಡವಂತೆ. ಮೇಲಿನ ದೀಪವಾದರೆ ಹತ್ತುವವರ ನೆರಳು ಅವರ ಕಾಲ ಬುಡಕ್ಕೇ ಬೀಳುತ್ತದಂತೆ. ಆಮೇಲೆ ಜೇಬಿನಿಂದ ಸೀಮೆಸುಣ್ಣ ತೆಗೆದು, ಎಲ್ಲೆಲ್ಲಿ ದೀಪ ಬರಬೇಕೆಂದು ಗುರುತು ಹಾಕಿದ: ಪಕ್ಕದ ಸೀಟಿನ ಬಾಗಿಲ ಕೆಳಗಿನ ಮೆಟ್ಟಿಲಿಗೆ, ಹತ್ತುವಾಗ ಹಿಡಿದುಕೊಳ್ಳುವ ಹಿಡಿಯ ಸುತ್ತ, ಸೀಟಿನ ಅಂಚಿಗೆ, ಬೆಲ್ಟ್ ಸಿಕ್ಕಿಸುವ ಕೊಂಡಿಯ ಬಳಿ. ಬಾಗಿಲು ತೆರೆದ ಕೂಡಲೇ ಹೊತ್ತಬೇಕು ಎಂದೂ ಹೇಳಿದ. ತಾನು ಕೂರುವ ಕಡೆಗೆ ಒಂದು ಚುಕ್ಕೆಯನ್ನೂ ಇಡಲಿಲ್ಲ. ಸಂಜೆಯೊಳಗೆ ಆಗಬೇಕು ಎಂದು ಹೇಳಿ ನರ್ಸರಿಯ ಕಡೆ ನಡೆದೇಬಿಟ್ಟ.

ತಂತಿಗೆ ಕುತೂಹಲದ ತುರಿಕೆ ಅಂಗಾಲಿನಿಂದ ನೆತ್ತಿಗೆ ಏರಿತು. ಶೋಕಿಗೆ ಹಾಕಿಸುವವರು ತಮ್ಮ ಕಣ್ಣೆದುರಿಗೆ ಹಾಕಿಸುತ್ತಾರೆ, ಪಕ್ಕದ ಸೀಟಿನ ಕಾಲ ಕೆಳಗೆ ಯಾರು ಹಾಕಿಸುತ್ತಾರೆ? ಟೈರ್ ಅಂಗಡಿಯವನನ್ನು ಕರೆದು ಸೀಮೆಸುಣ್ಣದ ಗುರುತು ತೋರಿಸಿದ. ಅವನು, ನಿಮ್ಮ ಬಾವನಿಗೆ ಈ ವಯಸ್ಸಿನಲ್ಲಿ ಹೆಂಡತಿಯ ಮೇಲೆ ಹೊಸದಾಗಿ ಪ್ರೀತಿ ಹುಟ್ಟಿದೆ ಎಂದ. ಅದಕ್ಕೆ ಮೆಟ್ಟಿಲಿಗೇಕೆ ದೀಪ ಎಂದು ತಂತಿ ಕೇಳಿದ್ದಕ್ಕೆ ಅವನು ತನ್ನ ಟೈರುಗಳ ಕಡೆ ನಡೆದ.

ಅಕ್ಕನ ನೆನಪು ಬಂದಾಗ ತಂತಿಗೆ ಒಳಗೇ ಸ್ವಲ್ಪ ಚುಚ್ಚಿತು. ಹಿಂದಿನ ತಿಂಗಳು ಒಂದು ಮುಸ್ಸಂಜೆ ಅಕ್ಕ ಗಾಡಿಯಿಂದ ಇಳಿಯುವಾಗ ಮುಗ್ಗರಿಸಿ ಮಂಡಿ ತರಚಿಕೊಂಡಿದ್ದಳು. ಚಪ್ಪಲಿ ಕಿತ್ತುಹೋಯಿತು ಎಂದು ನಕ್ಕು, ಇದನ್ನು ಎಲ್ಲೂ ಆಡಬೇಡ ಎಂದು ತಮ್ಮನಿಗೆ ಹೇಳಿದ್ದಳು. ತಮ್ಮ ಅದನ್ನು ಅವಳ ಮಗಳ ಕಿವಿಗೆ ಮುಟ್ಟಿಸಿಯೇ ಅಂದು ಉಂಡದ್ದು. ಅಂದಿನಿಂದ ಮಗಳು ಹಟ ಹಿಡಿದಿದ್ದಳು: ಇನ್ನೊಂದು ಸಲ ಬಿದ್ದರೆ ಅಮ್ಮ ವ್ಯಾಪಾರ ಬಿಟ್ಟು ಮನೆಯಲ್ಲಿ ಕೂರಬೇಕು. ಅಕ್ಕನನ್ನು ಮನೆಯಲ್ಲಿ ಕೂರಿಸುವುದೆಂದರೆ ಗಿಡವನ್ನು ಬೀರುವಿನಲ್ಲಿಟ್ಟು ಬಾಗಿಲು ಹಾಕಿದ ಹಾಗೆ. ಅದು ಎಲ್ಲರಿಗೂ ಗೊತ್ತಿತ್ತು, ಅಕ್ಕನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಆದರೂ ಕೆಲಸಕ್ಕೆ ಕೂತಾಗ ತಂತಿಯ ಜಂಬವೇ ಗೆದ್ದಿತು. ಬಾವನ ಗುರುತಿನ ಮೇಲೆ ಪಟ್ಟಿ ಅಂಟಿಸಿದರೆ ಊರವರು ತನ್ನ ಕೈಚಳಕಕ್ಕೆ ಉಗಿಯುತ್ತಾರೆ. ಸೀಮೆಸುಣ್ಣವನ್ನು ಬಟ್ಟೆಯಿಂದ ಒರೆಸಿದ. ಡ್ಯಾಶ್‌ಬೋರ್ಡಿನ ತುಟಿಯ ಕೆಳಗೆ, ಸೀಟಿನ ಒಳಮಗ್ಗುಲಲ್ಲಿ, ಬಾಗಿಲ ಜೇಬಿನ ಹಿಂದೆ ನೀಲಿ ಪಟ್ಟಿಯನ್ನು ಅಡಗಿಸಿದ. ಊರಿನ ಹುಡುಗರೆಲ್ಲ ನೀಲಿಯನ್ನೇ ಕೇಳುತ್ತಿದ್ದರು. ಬಾಗಿಲ ಸ್ವಿಚ್ಚಿನ ಗೋಜಿಗೂ ಹೋಗಲಿಲ್ಲ; ರೇಡಿಯೋಕ್ಕೆ ಹೋಗುವ ಲೈನಿನಿಂದ, ಅದರದೇ ಫ್ಯೂಸಿನ ಮೇಲೆ, ಕರೆಂಟು ಎಳೆದು ಒಂದು ಗುಂಡಿ ಕೂರಿಸಿದ. ಇಷ್ಟೆಲ್ಲ ಮುಗಿದಾಗ ನೆತ್ತಿಯ ಮೇಲೆ ಬಿಸಿಲು. ಹಗಲಲ್ಲಿ ಬೆಳಕಿನ ಅಂದ ನೋಡಲು ತಂತಿಯದು ಒಂದು ಉಪಾಯವಿತ್ತು. ಇಡೀ ಗಾಡಿಯ ಮೇಲೆ ಕಪ್ಪು ಟಾರ್ಪಾಲು ಎಳೆದು, ನಡುಮಧ್ಯಾಹ್ನದಲ್ಲಿ ಅಮಾವಾಸ್ಯೆ ಮಾಡಿಬಿಡುತ್ತಿದ್ದ.

ಹಿಂತಿರುಗಿ ಬಂದ ಬಾವ ಟಾರ್ಪಾಲಿನೊಳಗೆ ನುಸುಳಿ ಪಕ್ಕದ ಬಾಗಿಲು ತೆರೆದು ನಿಂತ. ತಂತಿ ಸ್ಟಿಯರಿಂಗ್ ಹಿಂದೆ ಕೂತು ರೇಡಿಯೋ ಹಚ್ಚಿದ, ಗುಂಡಿ ಒತ್ತಿದ. ಎಲ್ಲಿಂದ ಬಂತೆಂದು ತಿಳಿಯದ ತೆಳುನೀಲಿ ಗಾಡಿಯೊಳಗೆ ಹರಡಿಕೊಂಡಿತು. ಬಾವ ಮೆಟ್ಟಿಲ ಕಡೆ ಬಗ್ಗಿ ನೋಡಿದ. ಅಷ್ಟರಲ್ಲಿ ಹೊರಗೆ ಅಕ್ಕನ ದನಿ. ಇಬ್ಬರಿಗೂ ಊಟದ ಡಬ್ಬಿ ತಂದಿದ್ದಳು. ತಂತಿ ಸಂಭ್ರಮದಿಂದ ಒಳಗೆ ಕರೆದ. ಬಾವ ಬೇಡವೆನ್ನಲು ಬಾಯಿ ತೆರೆದ. ಬಾಯಿ ತೆರೆದು ಅಭ್ಯಾಸವಿಲ್ಲದ್ದರಿಂದ ತಡವಾಯಿತು.

ಅಕ್ಕ ಟಾರ್ಪಾಲಿನ ಅಂಚು ಎತ್ತಿ ಒಳಗೆ ಬಂದಳು. ಬಿಸಿಲಿನಿಂದ ಬಂದವರಿಗೆ ಕಣ್ಣು ಕತ್ತಲೆಗೆ ಹೊಂದಲು ಸ್ವಲ್ಪ ಹೊತ್ತು ಬೇಕೆಂದು ತಂತಿಗೆ ಗೊತ್ತು. ಕಾದ. ರೇಡಿಯೋದಲ್ಲಿ ಒಂದು ಹಾಡು ಮುಗಿದು ಇನ್ನೊಂದು ಶುರುವಾಯಿತು. ಅಕ್ಕನ ಕೈ ಬಾಗಿಲ ಮೇಲೆ ಹರಿದಾಡಿತು. ಹಿಡಿಯ ಪಕ್ಕದಲ್ಲೇ ಹಾದು ಹೋಯಿತು, ಸಿಗಲಿಲ್ಲ. ಸೀಟಿನ ಅಂಚು ತಡವಿ, ಅಲ್ಲಿ ನಿಂತಿತು. ನೀಲಿ ಬೆಳಕು ಅವಳ ಬೆರಳಿನ ಮೇಲೆಯೇ ಬಿದ್ದಿತ್ತು.

"ಯಾವಾಗಲೋ ದೀಪ ಹಚ್ಚೋದು?" ಎಂದಳು ಅಕ್ಕ. "ಇಲ್ಲೇ ನಿಂತು ಬೇರು ಬಿಡ್ಲಾ ನಾನು?"

ಹಚ್ಚೇ ಇದ್ದೀನಲ್ಲ ಎಂಬ ಮಾತು ತಂತಿಯ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಆಗ ಅಕ್ಕನ ಹಿಂದಿದ್ದ ಬಾವನ ಮುಖ ಕಂಡಿತು. ಹುಟ್ಟಿದಂದಿನಿಂದ ಯಾರ ಬಳಿಯೂ ಏನನ್ನೂ ಕೇಳದ ಆ ಮುಖ ಈಗ ಕೇಳುತ್ತಿತ್ತು.

"ಫ್ಯೂಸ್ ಹೋಗಿದೆ ಕಣಕ್ಕಾ," ಎಂದ ತಂತಿ.

ನಿನ್ನ ಕೆಲಸ ಯಾವತ್ತು ನೆಟ್ಟಗಿತ್ತು ಎಂದು ಅಕ್ಕ ಗೊಣಗಿದಳು. ಡಬ್ಬಿಯನ್ನು ಸೀಟಿನ ಮೇಲಿಟ್ಟು, ಟಾರ್ಪಾಲನ್ನು ಅಂಗೈಯಲ್ಲಿ ಸವರಿಕೊಂಡು ಅಂಚು ಹುಡುಕಿ ಹೊರಗೆ ಹೋದಳು. ಹೊರಗಿನ ಬಿಸಿಲಲ್ಲಿ ಟೈರ್ ಅಂಗಡಿಯವನ ಅಂಗಿಗೆ ಗುಂಡಿ ಹೆಚ್ಚುಕಡಿಮೆಯಾಗಿದ್ದನ್ನು ಅಷ್ಟು ದೂರದಿಂದಲೇ ಕಂಡು ಗೇಲಿ ಮಾಡುತ್ತ ಹೋದದ್ದು ಇಬ್ಬರಿಗೂ ಕೇಳಿಸಿತು.

ಬಾವ ಸೀಟಿನ ಮೇಲೆ ಕುಸಿದು ಕೂತ. ಅವನ ಒಂದು ವರ್ಷದ ಮಾತೆಲ್ಲ ಅಂದು ಖರ್ಚಾಯಿತು. ಹಗಲೆಲ್ಲ ಅವಳದು ಹದ್ದಿನ ಕಣ್ಣು; ಹೊತ್ತು ಇಳಿದರೆ ಆ ಕಣ್ಣು ಅಂಗಡಿ ಮುಚ್ಚುತ್ತದೆ. ಮಾರುವ ಮೂಲೆಯಲ್ಲಿ ದೊಡ್ಡ ದೀಪವಿದೆ, ಹೇಗೋ ನಡೆಯುತ್ತದೆ. ಕಷ್ಟವೆಲ್ಲ ಗಾಡಿ ಹತ್ತುವಾಗ, ಇಳಿಯುವಾಗ. ಅವಳು ಯಾರಿಗೂ ಹೇಳಿಲ್ಲ, ಗಂಡನಿಗೂ ಹೇಳಿಲ್ಲ. ಅವನೂ ತನಗೆ ಗೊತ್ತೆಂದು ತೋರಿಸಿಕೊಂಡಿಲ್ಲ. ಕಣ್ಣಿನ ಡಾಕ್ಟರನ್ನು ತಾನೊಬ್ಬನೇ ಹೋಗಿ ಕೇಳಿದರೆ, ಕಣ್ಣನ್ನು ಮನೆಯಲ್ಲಿ ಬಿಟ್ಟು ಬಂದರೆ ಹೇಗಪ್ಪ, ಕರೆದುಕೊಂಡು ಬಾ ಎಂದರಂತೆ.

"ಅವಳನ್ನ ಕೇಳಕ್ಕೆ ನನಗೆ ಬಾಯಿ ಬರಲ್ಲ," ಎಂದ ಬಾವ. "ಕೇಳಿದ್ರೆ, ಗೊತ್ತಾಗಿಹೋಯ್ತು ಅಂತ ಅವಳೇ ಮೂಲೆಗೆ ಕೂತುಬಿಡ್ತಾಳೆ. ನೀನು ಯಾರಿಗೂ ಹೇಳ್ಬೇಡ ಕಣೋ."

ತಂತಿಗೆ ಇಂಥ ಮಾತು ಹೇಳುವುದೆಂದರೆ ಜರಡಿಗೆ ನೀರು ಸುರಿದು, ಚೆಲ್ಲಬೇಡ ಎಂದ ಹಾಗೆ. ಅದು ಇಬ್ಬರಿಗೂ ಗೊತ್ತಿತ್ತು. ತಂತಿ ಚಮಚದ ಹಿಡಿ ತೆಗೆದುಕೊಂಡು, ಅಷ್ಟು ಹೊತ್ತು ಅಡಗಿಸಿಟ್ಟದ್ದನ್ನೆಲ್ಲ ಒಂದೊಂದಾಗಿ ಕೀಳತೊಡಗಿದ. ಹಳದಿ ಪಟ್ಟಿ ತಂದ, ಇದ್ದುದರಲ್ಲೇ ಅತಿ ಪ್ರಖರವಾದದ್ದು. ಒರೆಸಿದ್ದ ಗುರುತುಗಳು ನೆನಪಿನಲ್ಲಿದ್ದವು. ಮೆಟ್ಟಿಲ ಅಂಚಿಗೆ, ಹಿಡಿಯ ಸುತ್ತ, ಸೀಟಿಗೆ, ಕೊಂಡಿಗೆ, ಕಣ್ಣಿಗೆ ಹೊಡೆಯುವ ಹಾಗೆ ಹೊರಗೇ ಅಂಟಿಸಿದ. ಜೇಡದ ಸಂಸಾರವನ್ನು ಎಬ್ಬಿಸಿ, ಚಾವಣಿ ದೀಪದ ಹಳೇ ಲೈನನ್ನು ಬಾಗಿಲ ಸ್ವಿಚ್ಚಿನ ಮೂಲಕ ಪಟ್ಟಿಗೆ ಜೋಡಿಸಿದ. ಬಾವ ಕೇಳದಿದ್ದರೂ ಹಿಂಬಾಗಿಲ ಅಂಚಿಗೂ ಒಂದು ಉದ್ದನೆಯ ಪಟ್ಟಿ ಎಳೆದ. ಮುಗಿದ ಮೇಲೆ ಬಾಗಿಲು ತೆರೆದರೆ ಗಾಡಿ ಹಲ್ಲು ಕಿರಿಯಿತು. ಅಷ್ಟು ಕುರೂಪದ ಕೆಲಸವನ್ನು ತಂತಿ ತನ್ನ ಶತ್ರುವಿಗೂ ಮಾಡಿಕೊಟ್ಟಿರಲಿಲ್ಲ.

ಊರು ಬಿಡುತ್ತದೆಯೇ? ತಂತಿಗೆ ಕೈ ನಡುಕ ಬಂದಿದೆ ಎಂದರು. ಬಾವ ಗಾಡಿಯಲ್ಲಿ ಕೋಳಿಮರಿಗಳಿಗೆ ಕಾವು ಕೊಡಲು ಹೊರಟಿದ್ದಾನೆ ಎಂದರು. ಕಾಯಂ ಗಿರಾಕಿಯೊಬ್ಬ ತನ್ನ ಗಾಡಿಯನ್ನು ಹಿಂದಕ್ಕೆ ತೆಗೆದುಕೊಂಡು ಬೇರೆ ಅಂಗಡಿಗೆ ಹೋದ. ಟೈರ್ ಅಂಗಡಿಯವನು ದಿನಾ ಬೆಳಿಗ್ಗೆ, ಆ ಮೆಟ್ಟಿಲ ದೀಪದ ಗುಟ್ಟೇನಯ್ಯಾ ಎಂದು ಕೆಣಕುತ್ತಿದ್ದ. ತಂತಿಗೆ ನಿದ್ದೆ ಕೆಟ್ಟಿತು. ಬಾಯಿ ತೆರೆದರೆ ಗುಟ್ಟು ಹಾರಿಹೋದೀತೆಂದು ಆಕಳಿಕೆಯನ್ನೂ ಮೂಗಿನಲ್ಲೇ ಮುಗಿಸುತ್ತಿದ್ದ. ಸುದ್ದಿಯಿಲ್ಲದ ಬೀದಿ ಬಿಕೋ ಎನ್ನತೊಡಗಿತು.

ಕೊನೆಗೆ ಅಕ್ಕನ ಮಗಳೇ ಅಂಗಡಿಗೆ ಬಂದಳು. ಮಾವನಿಗೆ ಎದುರಾಗಿ ಸ್ಟೂಲು ಎಳೆದು ಕೂತು, ಅಪ್ಪ ಯಾಕೆ ದೀಪ ಹಾಕಿಸಿದರು ಎಂದು ನೇರವಾಗಿ ಕೇಳಿದಳು. ತಂತಿ ಕೈಗೆ ಸಿಕ್ಕ ದನಿ ಸತ್ತ ಹಾರನ್ ಒಂದನ್ನು ಒರೆಸತೊಡಗಿದ.

"ಶೋಕಿ ಕಣಮ್ಮ," ಎಂದ. "ನಿಮ್ಮಪ್ಪನಿಗೆ ಈಗ ಯೌವನ ಬಂದಿದೆ. ಸ್ವಲ್ಪ ತಡವಾಯ್ತು, ಅಷ್ಟೇ."

ಅವಳು ಅನುಮಾನದಿಂದಲೇ ಎದ್ದು ಹೋದಳು. ತಂತಿ ಒಂದು ಚೊಂಬು ನೀರು ಕುಡಿದ.

ಅಂದು ಸಂಜೆ ಅವನು ಪೇಟೆಯ ಮೂಲೆಗೆ ಹೋದ. ತನ್ನ ಕುರೂಪದ ದೀಪ ಹೇಗೆ ನಡೆಯುತ್ತಿದೆಯೆಂದು ನೋಡದೆ ಇರಲಾಗಲಿಲ್ಲ. ಕತ್ತಲಾಗುತ್ತಿತ್ತು. ಹಿಂಬಾಗಿಲ ಹಳದಿ ಬೆಳಕಲ್ಲಿ ಅಕ್ಕ ಒಬ್ಬ ಬೋಳುತಲೆಯವನಿಗೆ, ಕೂದಲಿನ ಹಾಗೆ ಎಲೆ ಇಳಿಬಿಟ್ಟ ಜರೀಗಿಡ ಒಪ್ಪಿಸುತ್ತಿದ್ದಳು. ಸೊಂಪಾಗಿ ಬೆಳೆಯುವುದನ್ನು ನೋಡುವ ಸುಖವೇ ಬೇರೆ ಎಂದು ಹೇಳುತ್ತಿದ್ದಳು. ಅವನು ಎರಡು ಕೊಂಡ. ವ್ಯಾಪಾರ ಮುಗಿಯಿತು. ಅಕ್ಕ ಪಕ್ಕದ ಬಾಗಿಲಿಗೆ ಬಂದು ತೆರೆದಳು. ದೀಪ ಹೊತ್ತಿತು. ಕೈ ತಡವಲಿಲ್ಲ, ನೇರ ಹಿಡಿಗೆ ಹೋಯಿತು. ಕಾಲು ನೇರ ಮೆಟ್ಟಿಲಿಗೆ. ಹತ್ತಿ ಕೂತು ಬೆಲ್ಟು ಸಿಕ್ಕಿಸಿದಳು. ಬಾವ ಆಚೆ ಬದಿಯಲ್ಲಿ ನಿಂತು ಟಾರ್ಪಾಲಿನ ಹಗ್ಗ ಕಟ್ಟುವವನ ಹಾಗೆ ನಟಿಸುತ್ತ ನೋಡುತ್ತಿದ್ದ.

ಬಾಗಿಲು ಹಾಕಲು ಹತ್ತಿರ ಬಂದ ತಮ್ಮನ ಮಣಿಕಟ್ಟನ್ನು ಅಕ್ಕ ಹಿಡಿದುಕೊಂಡಳು.

"ಅಲ್ವೋ, ಆವತ್ತು ಫ್ಯೂಸ್ ಹೋಗಿದೆ ಅಂದ್ಯಲ್ಲ. ಫ್ಯೂಸ್ ಹೋದ ಗಾಡೀಲಿ ರೇಡಿಯೋ ಹೇಗೆ ಹಾಡ್ತಿತ್ತು? ನೀನು ಯಾವತ್ತೂ ಕರೆಂಟ್ ತಗೊಳ್ಳೋದು ರೇಡಿಯೋ ಲೈನಿಂದ ಅಲ್ವಾ?"

ಊರಿಗೆಲ್ಲ ತನ್ನ ಕೈಚಳಕ ಕೊಚ್ಚಿಕೊಂಡದ್ದನ್ನು ಅಕ್ಕನೂ ಕೇಳಿಸಿಕೊಂಡಿದ್ದಳು ಎಂಬುದು ತಂತಿಯ ಲೆಕ್ಕಕ್ಕೆ ಬಂದಿರಲಿಲ್ಲ.

"ಮಗಳಿಗೆ ಹೇಳಿದ್ಯಾ?"

ಇಲ್ಲವೆಂದು ತಲೆಯಾಡಿಸಿದ. ಟೈರ್ ಅಂಗಡಿಯವನಿಗೆ? ಇಲ್ಲ. ಹೆಂಡತಿಗೆ? ಇಲ್ಲ. ಅಕ್ಕ ಅವನ ಮುಖವನ್ನೇ ನೋಡಿದಳು. ಹಳದಿ ಬೆಳಕಲ್ಲಿ ಅದು ಅವಳಿಗೆ ಎಷ್ಟು ಕಂಡಿತೋ. ಮಣಿಕಟ್ಟು ಬಿಡಲಿಲ್ಲ.

"ನಾಳೆ ಬೆಳಿಗ್ಗೆ ಅಂಗಡಿ ತೆಗೀಬೇಡ," ಎಂದಳು. "ಕಣ್ಣಿನ ಡಾಕ್ಟರ ಹತ್ರ ಹೋಗ್ಬೇಕು, ನೀನೂ ಬಾ. ನಿಮ್ಮ ಬಾವ ಅಲ್ಲಿ ಬಾಯಿ ಬಿಡಲ್ಲ. ನಾನು ಬಾಯಿ ಬಿಟ್ರೆ ಬರೀ ಸುಳ್ಳು ಹೇಳ್ತೀನಿ. ಇರೋದನ್ನ ಇದ್ದ ಹಾಗೆ ಒದರೋಕೆ ಒಬ್ಬ ಬೇಕಲ್ಲ."

ಆಚೆ ಬದಿಯಲ್ಲಿ ಬಾವನ ಕೈಯಿಂದ ಹಗ್ಗ ಜಾರಿ ಬಿತ್ತು. ಅಕ್ಕ ಮಣಿಕಟ್ಟು ಬಿಟ್ಟ ಮೇಲೆ ತಂತಿ ಬಾಗಿಲು ಹಾಕಿದ. ದೀಪ ಆರಿತು. ಸರಿಯಾಗಿ ಆರಿತೋ ಇಲ್ಲವೋ ನೋಡೋಣವೆಂದು ಮತ್ತೊಮ್ಮೆ ತೆರೆದ. ಅಕ್ಕ ಒಳಗಿನಿಂದ ಅವನ ಕೈಗೆ ಹೊಡೆದು, ಬ್ಯಾಟರಿ ನಮ್ಮಪ್ಪಂದಾ ಎಂದಳು.