ಬೇಳೆ ಬೇಯುವ ನೀರು

ನಮ್ಮ ಕಡೆ ಹೆಂಗಸರು ನೀರಿನ ಗುಣ ನೋಡುವುದು ತೊಗರಿಬೇಳೆಯಿಂದ. ಕುಕ್ಕರಿನ ಎರಡು ಮೂರು ಕೂಗಿಗೆ ಬೇಳೆ ಕರಗಿ ಹೋದರೆ ಒಳ್ಳೆ ನೀರು. ಎಷ್ಟು ಕೂಗಿಸಿದರೂ ಕಾಳುಕಾಳಾಗಿ ತಳದಲ್ಲಿ ಕೂತರೆ ಕೆಟ್ಟ ನೀರು. ನಾನು ಹಾಸನದಲ್ಲಿ ಕುಡಿಯುವ ನೀರಿನ ಪ್ರಯೋಗಾಲಯದಲ್ಲಿ ಬೆನ್ನು ಬಗ್ಗಿಸಿ ಕೂತು, ಯಂತ್ರದ ಮುಂದೆ ಕಣ್ಣು ಕಿರಿದು ಮಾಡಿಕೊಂಡು ತೆಗೆದ ಫಲಿತಾಂಶಗಳನ್ನು ಈ ಬೇಳೆ ಎಷ್ಟೋ ಊರುಗಳಲ್ಲಿ ಸೋಲಿಸಿದೆ. ಬೇರೆ ಊರಿನ ಮಾತು ಬಿಡಿ, ನನ್ನ ಸ್ವಂತ ಅಕ್ಕನ ಮನೆಯಲ್ಲೇ ಸೋಲಿಸಿತು.

ನನ್ನ ಕೆಲಸ ಹೇಳಿಕೊಳ್ಳುವಂಥದ್ದೇನಲ್ಲ. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆಯಿಂದ ಬೋರ್‌ವೆಲ್‌ಗಳ, ನಲ್ಲಿಗಳ, ಟ್ಯಾಂಕುಗಳ ನೀರು ಬಾಟಲಿಯಲ್ಲಿ ಬರುತ್ತದೆ. ಅದರಲ್ಲಿ ಏನೇನು ಸೇರಿದೆ ಅಂತ ನೋಡಿ ಬರೆದು ಕಳಿಸಬೇಕು. ಮಳೆ ಬಿದ್ದರೆ ಚರಂಡಿಯ ಹುಳು, ಬಿಸಿಲು ಏರಿದರೆ ಫ್ಲೋರೈಡು, ಗೊಬ್ಬರ ಸುರಿಯುವ ಕಡೆ ನೈಟ್ರೇಟು. ಮಾದರಿ ತುಂಬಲೆಂದು ನಾವು ತೊಳೆದು ಕಾಯಿಸಿ ಕೊಟ್ಟ ಬಾಟಲಿಯನ್ನು ಮನೆಯಲ್ಲಿ ಎಣ್ಣೆಗೆ ಇಟ್ಟುಕೊಂಡು, ಮಾವಿನ ಜ್ಯೂಸಿನ ಬಾಟಲಿಯಲ್ಲಿ ನೀರು ತಂದು ಕೊಡುವವರಿದ್ದಾರೆ. ವಾಪಸ್ ಕಳಿಸಿದರೆ ಮೇಡಂ ಬಲು ಜೋರು ಅನ್ನುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಸಿಟ್ಟೂ ಬರುವುದಿಲ್ಲ, ಸುಸ್ತು ಒಂದೇ ಬರುತ್ತದೆ.

ಮದುವೆ ಮನೆಗೆ ಹೋದರೆ ಅಲ್ಲೂ ಬಿಡುವುದಿಲ್ಲ. ಊಟದ ಎಲೆಯ ಮುಂದೆ ಕೂತವರು ಲೋಟ ಎತ್ತಿ ನನ್ನ ಮೂತಿಗೆ ಹಿಡಿದು, ‘ಈ ನೀರು ಹೆಂಗೈತೆ ಹೇಳಿ ನೋಡನ’ ಅನ್ನುತ್ತಾರೆ. ನೋಡಿದ ಮಾತ್ರಕ್ಕೆ ಹೇಳುವ ಹಾಗಿದ್ದರೆ ನಾನು ಯಾಕೆ ಇಷ್ಟು ವರ್ಷ ಕಣ್ಣು ಹಾಳು ಮಾಡಿಕೊಳ್ಳುತ್ತಿದ್ದೆ?

ಅಕ್ಕನನ್ನು ಕೊಟ್ಟಿದ್ದು ಹಿರೀಸಾವೆಯಲ್ಲಿ ಬಸ್ಸಿಳಿದು ಒಳಕ್ಕೆ ಹೋಗಬೇಕಾದ ಒಂದು ಊರಿಗೆ. ಊರಿನ ಹೆಸರು ಬೇಡ. ನಾವಿಬ್ಬರೂ ಹೊಳೆನರಸೀಪುರದಲ್ಲಿ ಹೊಳೆ ನೀರು ಕುಡಿದು ಬೆಳೆದವರು. ಮದುವೆಯಾದ ಹೊಸತರಲ್ಲಿ ಅವಳು ತವರಿಗೆ ಬಂದಾಗಲೆಲ್ಲ, ಆ ಊರ ನೀರಲ್ಲಿ ಬೇಳೆ ಬೇಯಲ್ಲ ಅಂತ ಅಳುತ್ತಿದ್ದಳು. ಆಮೇಲೆ ಕೆರೆಯ ಪಕ್ಕ ಒಂದು ಬೋರ್ ಕೊರೆಸಿದರು. ಅದರ ನೀರು ಸಿಹಿ, ಬೇಳೆ ಹಾಕಿದ್ದೇ ತಡ ಬೆಂದು ಬಿಡುತ್ತಿತ್ತು. ಊರಲ್ಲಿ ಮದುವೆಯಾಗಲಿ ತಿಥಿಯಾಗಲಿ, ಅಡುಗೆಗೆ ಅದೇ ನೀರು. ಅಕ್ಕನ ಸಾರಿಗೆ ಹೆಸರು ಬಂದದ್ದೂ ಆ ಬೋರಿನಿಂದಲೇ.

ಆ ಬೋರಿನ ನೀರು ಒಂದು ದಿನ ನನ್ನ ಮೇಜಿಗೆ ಬಂತು. ಬಾಟಲಿಯ ಚೀಟಿಯಲ್ಲಿ ಅಕ್ಕನ ಊರಿನ ಹೆಸರು ನೋಡಿ ಒಂದು ಥರ ಖುಷಿಯಾಗಿತ್ತು. ಯಂತ್ರ ತೋರಿಸಿದ್ದನ್ನು ನಂಬದೆ ಮತ್ತೆ ಇಟ್ಟೆ. ಮತ್ತೆ ಅದೇ ಬಂತು. ಫ್ಲೋರೈಡು ಇರಬಹುದಾದ ಮಿತಿಯನ್ನು ದಾಟಿ ಎಲ್ಲೋ ಹೋಗಿತ್ತು. ಊರಿನ ಇನ್ನೊಂದು ಬೋರು, ಗುಡಿಯ ಹಿಂದಿನದು, ಗಡಸು ನೀರಿನದು, ಪಾತ್ರೆಗೆಲ್ಲ ಬಿಳಿ ಹಕ್ಕಳೆ ಕಟ್ಟಿಸುವಂಥದು. ಅದರಲ್ಲಿ ಫ್ಲೋರೈಡು ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ಬಯಲುಸೀಮೆಯ ಕಡೆ ಹೀಗೇ ಆಗುತ್ತದೆ. ಸುಣ್ಣದ ಅಂಶ ಹೆಚ್ಚಿರುವ ನೀರಿನಲ್ಲಿ ಫ್ಲೋರೈಡು ನಿಲ್ಲುವುದಿಲ್ಲ, ಸುಣ್ಣವಿಲ್ಲದ ಮೆದು ನೀರಿನಲ್ಲಿ ಧಾರಾಳವಾಗಿ ಇರುತ್ತದೆ. ಬೇಳೆ ಬೇಯುವುದೂ ಆ ಮೆದು ನೀರಿನಲ್ಲೇ. ಎಂದರೆ ಬೇಳೆ ಚೆನ್ನಾಗಿ ಬೆಂದಷ್ಟೂ ನನಗೆ ಭಯ. ಇದನ್ನು ಯಾರಿಗೆ ಹೇಳಿ ಒಪ್ಪಿಸಲಿ?

ವರದಿ ಹೋದ ಮೇಲೆ ಕೆರೆ ಪಕ್ಕದ ಬೋರಿನ ಪೈಪನ್ನು ಟ್ಯಾಂಕಿನಿಂದ ಬಿಡಿಸಿದರು. ಮೋಟಾರು ತೆಗೆದು ಕೈಪಂಪು ಕೂರಿಸಿ ಕೆಂಪು ಬಣ್ಣ ಬಳಿದು, ‘ಕುಡಿಯಲು ಯೋಗ್ಯವಲ್ಲ’ ಅಂತ ಬೋರ್ಡು ಬರೆಸಿದರು. ದನಕ್ಕೆ, ಬಟ್ಟೆಗೆ ಇರಲಿ ಅಂತ ಪಂಪನ್ನು ಹಾಗೇ ಬಿಟ್ಟರು. ನಲ್ಲಿಗಳಲ್ಲಿ ಗುಡಿಯ ಹಿಂದಿನ ಗಡಸು ನೀರು ಬರತೊಡಗಿತು. ಸರಿ, ಒಂದು ಊರಾದರೂ ದಾರಿಗೆ ಬಂತು ಅಂದುಕೊಂಡು ನಾನು ಒಂದು ಭಾನುವಾರ ಅಕ್ಕನ ಮನೆಗೆ ಹೋದೆ.

ಅಡುಗೆಮನೆಯಲ್ಲಿ ಒಲೆಯ ಪಕ್ಕ ಎರಡು ಕೊಡ ತುಂಬಿ ನಿಂತಿದ್ದವು. ಎಲ್ಲಿಯ ನೀರು ಅಂತ ಕೇಳಿದೆ.

‘ಇನ್ನೆಲ್ಲೀದು, ಕೆರೆತಾವುದೇ ಕಣಮ್ಮಿ’ ಅಂದಳು ಅಕ್ಕ, ತಲೆ ಎತ್ತದೆ ಬೇಳೆ ಆರಿಸುತ್ತ.

‘ಬೋರ್ಡು ಬರೆಸಿಲ್ಲವೇನೇ ಅಲ್ಲಿ? ಕಣ್ಣು ಕಾಣಲ್ವಾ?’

‘ಕಾಣ್ತದೆ. ಕುಡಿಯಕ್ಕಲ್ಲ ಅಂತ ತಾನೆ ಬರ್ದಿರೋದು? ನಾವೇನ್ ಅದ ಕುಡಿಯಾಕಿಲ್ಲ. ಕುಡಿಯಕ್ಕೆ ನಲ್ಲೀದು, ಬೇಯ್ಸಕ್ಕೆ ಇದು. ಅಲ್ಲದೆಯಾ ಕುದ್ದು ಕುದ್ದು ಏನಿದ್ರೂ ಸತ್ತೋಯ್ತದೆ.’

ಕುದಿಸಿದರೆ ಸಾಯಲು ಅದು ಹುಳುವಲ್ಲ ಕಣೆ, ಕುದಿಸಿದಷ್ಟೂ ನೀರು ಇಂಗಿ ಅದು ಗಟ್ಟಿಯಾಗುತ್ತದೆ ಅಂದೆ. ಮಗುವಿನ ಹಲ್ಲಿಗೆ ಹೊಡೆಯುತ್ತದೆ, ಆಮೇಲೆ ಮೂಳೆಗೆ ಅಂದೆ. ಮಗು ಅಂದರೆ ಅಕ್ಕನ ಮೊಮ್ಮಗಳು. ಮಗ ಸೊಸೆ ಇಬ್ಬರೂ ಬೆಳಿಗ್ಗೆ ವ್ಯಾನು ಹತ್ತಿ ಗಾರ್ಮೆಂಟ್ಸಿಗೆ ಹೋದರೆ ಕತ್ತಲಾದ ಮೇಲೆ ಬರುವವರು. ಆ ಹುಡುಗಿ ಮೈಕೈ ತುಂಬಿಕೊಂಡದ್ದೆಲ್ಲ ಅಜ್ಜಿಯ ಕೈತುತ್ತಿನಲ್ಲಿ.

ಅಕ್ಕ ಮೊರವನ್ನು ಕೆಳಗಿಟ್ಟು ಅವಳನ್ನು ಕರೆದಳು. ಗಲ್ಲ ಹಿಡಿದು ತುಟಿ ಅಗಲಿಸಿ ನನಗೆ ತೋರಿಸಿದಳು. ‘ನೋಡು, ಮಲ್ಲಿಗೆ ಮೊಗ್ಗು ಜೋಡ್ಸಿದಂಗವೆ. ಹುಟ್ದಾಗಿಂದ ಇದೇ ನೀರ್ನಾಗೆ ಬೇಯ್ಸಿ ಇಕ್ಕಿವ್ನಿ. ಎಲ್ಲೈತೆ ನಿನ್ ಫ್ಲೋರೈಡು?’

ಹುಡುಗಿ ಕಿಲಕಿಲ ನಕ್ಕಳು. ನಿಜ, ಹಾಲುಹಲ್ಲು ಒಂದಕ್ಕಿಂತ ಒಂದು ಬೆಳ್ಳಗಿದ್ದವು. ಇವು ಬಿದ್ದು ಹೋಗುವ ಹಲ್ಲು ಕಣಕ್ಕ, ಆ ನೀರು ಕೈ ಹಾಕುವುದು ಒಸಡಿನ ಒಳಗೆ ಬೆಳೆಯುತ್ತಿರುವ ಹಲ್ಲಿಗೆ, ಅವು ಹೊರಗೆ ಬಂದ ಮೇಲೆ ಏನೂ ಮಾಡುವ ಹಾಗಿಲ್ಲ ಅಂದೆ.

‘ಬರ್ದೇ ಇರೋ ಹಲ್ಲಿಗೆ ಈಗ್ಲೇ ಅಳ್ತಾ ಕೂತವ್ಳೆ ನೋಡು ನಿನ್ ಚಿಕ್ಕಜ್ಜಿ’ ಅಂತ ಅಕ್ಕ ಮೊಮ್ಮಗಳಿಗೆ ಹೇಳಿ ನಗಾಡಿದಳು. ಆಮೇಲೆ ಎಲೆ ಹಾಕಿ ಮುದ್ದೆ ಇಟ್ಟು ಸಾರು ಬಿಟ್ಟಳು. ಬೇಳೆ ಹೇಗೆ ಬೆಂದಿತ್ತೆಂದರೆ ಸೌಟಿನಲ್ಲಿ ಹುಡುಕಿದರೂ ಒಂದು ಕಾಳು ಸಿಗುತ್ತಿರಲಿಲ್ಲ. ರುಚಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಆಮೇಲೂ ಫೋನಿನಲ್ಲಿ ಹೇಳಿದೆ, ಹಬ್ಬಕ್ಕೆ ಬಂದಾಗ ಹೇಳಿದೆ, ಸೊಸೆಯ ಕಿವಿಗೂ ಹಾಕಿದೆ. ಅತ್ತೆ ಕೇಳಬೇಕಲ್ಲ ಚಿಕ್ಕತ್ತೆ ಅಂತ ಅವಳು ಕೈಚೆಲ್ಲಿದಳು. ನಲ್ಲಿ ನೀರಲ್ಲಿ ಬೇಯಿಸು ಅಂದರೆ, ಗ್ಯಾಸು ನಿಮ್ಮಪ್ಪ ತಂದಿಡ್ತಾನಾ ಅಂತ ಅಕ್ಕ ರೇಗುತ್ತಿದ್ದಳು. ನಮ್ಮಪ್ಪ ಅಂದರೆ ಅವಳಪ್ಪನೂ ಹೌದಲ್ಲ ಅಂತ ನಾನು ತಮಾಷೆ ಮಾಡಿ ಸುಮ್ಮನಾಗುತ್ತಿದ್ದೆ. ದಿನವಿಡೀ ಊರೂರಿಗೆ ಅದನ್ನೇ ಹೇಳಿ ಬಾಯಿ ಸವೆಸಿಕೊಂಡ ಮೇಲೆ, ಸಂಜೆ ಮನೆಯವರ ಜೊತೆ ಮತ್ತೆ ಅದೇ ಜಗಳ ತೆಗೆಯಲು ತ್ರಾಣ ಬೇಕಲ್ಲ.

ಹೋದ ಬೇಸಿಗೆಯಲ್ಲಿ ಅಕ್ಕನ ಮನೆಗೆ ಹೋದಾಗ ಹುಡುಗಿ ಓಡಿ ಬಂದು ಅಪ್ಪಿಕೊಳ್ಳಲಿಲ್ಲ. ಕಂಬದ ಹಿಂದೆ ನಿಂತು, ಬಾಯಿಗೆ ಅಂಗೈ ಅಡ್ಡ ಹಿಡಿದು ನಕ್ಕಳು. ಎತ್ತರವಾಗಿದ್ದಳು. ಹಾಲುಹಲ್ಲು ಬಿದ್ದು ಮುಂದಿನವು ಹೊಸದಾಗಿ ಬಂದಿವೆ ಅಂತ ಗೊತ್ತಿತ್ತು.

‘ಹಲ್ಲು ಸರ್ಯಾಗಿ ಉಜ್ಜಾಕಿಲ್ಲ ಸೋಂಬೇರಿ’ ಅಂತ ಅಕ್ಕ ಒಳಗಿನಿಂದಲೇ ಬೈದಳು. ‘ಉಪ್ಪು ಹಾಕಿ ಉಜ್ಜಿಸ್ದೆ, ಇದ್ದಿಲಲ್ಲಿ ಉಜ್ಜಿಸ್ದೆ, ಹೋಗಾಕಿಲ್ಲ ಅಂತದೆ ಆ ಕೊಳೆ. ಇಸ್ಕೂಲಲ್ಲಿ ಮಕ್ಳು ಆಡ್ಕತವಂತೆ.’

ನಾನು ಅವಳನ್ನು ಜಗುಲಿಯ ಬೆಳಕಿಗೆ ಕರೆದುಕೊಂಡು ಬಂದು ಕೈ ಸರಿಸಿದೆ. ಮುಂದಿನ ಹಲ್ಲುಗಳ ಮೇಲೆ ಸುಣ್ಣ ಬಳಿದಂಥ ಗೆರೆಗಳು, ನಡುವೆ ಚಹಾ ಚೆಲ್ಲಿದಂಥ ಕಂದು. ಉಜ್ಜಿ ಉಜ್ಜಿ ಒಸಡು ಕೆಂಪಾಗಿ ಒಂದು ಕಡೆ ಸುಲಿದಿತ್ತು. ಇಂಥ ಹಲ್ಲನ್ನು ಊರೂರಲ್ಲಿ ಎಷ್ಟೋ ನೋಡಿದ್ದೇನೆ. ಈ ಬಾಯಲ್ಲಿ ನೋಡಲು ನನ್ನ ಕೈಲಿ ಆಗಲಿಲ್ಲ, ಕಣ್ಣು ತುಂಬಿ ಬಂತು.

ಅಕ್ಕ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು.

‘ಇವಳನ್ನ ಬೈಬೇಡ. ಇದು ಕೊಳೆಯಲ್ಲ, ಎಷ್ಟು ಉಜ್ಜಿದರೂ ಹೋಗಲ್ಲ’ ಅಂದೆ.

ಅಕ್ಕ ಅಲ್ಲೇ ಹೊಸ್ತಿಲ ಮೇಲೆ ಕೂತಳು. ‘ನಾನೇ ಉಣ್ಣಿಸ್ದೆ ಅಲ್ವೇನಮ್ಮಿ’ ಅಂದಳು.

ಬೋರ್ಡು ಹಾಕುವುದಕ್ಕೆ ಮುಂಚೆಯೇ ಇದಾಗಿರುತ್ತದೆ ಕಣಕ್ಕ, ಆಗ ಊರಿಗೆ ಊರೇ ಅದೇ ನೀರು ಕುಡಿಯುತ್ತಿತ್ತು, ಈ ಮುಂದಿನ ಹಲ್ಲು ಕಟ್ಟಿಕೊಳ್ಳುವುದು ಎಳೆಗೂಸಾಗಿದ್ದಾಗ ಅಂದೆ.

‘ನಿಜವಾ, ನಾನು ಅಳ್ತೀನಿ ಅಂತ ಹೇಳ್ತಿದೀಯಾ?’

‘ಮುಂದಿನ ಹಲ್ಲಿನ ಮಟ್ಟಿಗೆ ನಿಜ’ ಅಂದೆ. ಆಮೇಲೆ ಕಟ್ಟಿಕೊಳ್ಳುವ ಹಿಂದಿನ ಹಲ್ಲುಗಳ ಮಾತು ನಾನೂ ಎತ್ತಲಿಲ್ಲ, ಅವಳೂ ಕೇಳಲಿಲ್ಲ. ಎದ್ದು ಹೋಗಿ ಒಲೆಯ ಪಕ್ಕದ ಕೊಡಗಳನ್ನು ಒಂದೊಂದಾಗಿ ಎತ್ತಿ ತಂದು ಹಿತ್ತಲಿನ ಕರಿಬೇವಿನ ಬುಡಕ್ಕೆ ಸುರಿದಳು. ನಲ್ಲಿಯ ನೀರು ಹಿಡಿದು ಬೇಳೆ ಇಟ್ಟಳು. ಕುಕ್ಕರು ಕೂಗುತ್ತಲೇ ಇತ್ತು. ಅವಳು ಆರಿಸಲಿಲ್ಲ, ಗ್ಯಾಸಿನ ಮಾತೂ ಆಡಲಿಲ್ಲ.

ಊಟಕ್ಕೆ ಮೂವರೂ ಕೂತೆವು. ಸಾರು ನೀರು ಬೇರೆ ಬೇಳೆ ಬೇರೆಯಾಗಿ ನಿಂತಿತ್ತು. ಹುಡುಗಿ ಒಂದು ಕಾಳನ್ನು ಬೆರಳಲ್ಲಿ ಹಿಸುಕಿ ನೋಡಿದಳು, ಅಜ್ಜಿಯ ಮುಖ ನೋಡಿದಳು, ಸುಮ್ಮನೆ ಬಾಯಿಗೆ ಹಾಕಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು.

‘ಚಿಕ್ಕಜ್ಜಿ, ಇನ್ನೂ ಬರೋ ಹಲ್ಲು ಬೆಳ್ಳಗೆ ಬತ್ತವಾ?’

ಅಕ್ಕನ ಕೈಯ ತುತ್ತು ಅಲ್ಲೇ ನಿಂತಿತು. ಯಾವ ಊರಿನ ನೀರು ಕೇಳಿದರೂ ಇಷ್ಟಕ್ಕೆ ಇಷ್ಟು ಅಂತ ಬರೆದು ಕೊಡುವವಳು ನಾನು. ಒಸಡಿನೊಳಗೆ ಏನು ಕೂತಿದೆ ಅಂತ ನೋಡುವ ಯಂತ್ರ ನನ್ನ ಹತ್ತಿರ ಇಲ್ಲ.

‘ಗೊತ್ತಿಲ್ಲ ಮಗ’ ಅಂದೆ.

ಅವಳು ತಲೆಯಾಡಿಸಿ, ಅಂಗೈಯನ್ನು ಮತ್ತೆ ಬಾಯಿಗೆ ಅಡ್ಡ ಇಟ್ಟುಕೊಂಡು, ಬೇಯದ ಬೇಳೆಯನ್ನು ಅಗಿಯತೊಡಗಿದಳು.