ನಸೀಮಾಳ ಅಳತೆ ಪುಸ್ತಕ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನನಗೆ ಇಲ್ಲವೆನ್ನಲು ಬರುವುದಿಲ್ಲ. ನಮ್ಮ ಮನೆಯಲ್ಲಿ ಅಕ್ಕಿ ಮುಗಿದರೂ ‘ಇಲ್ಲ’ ಎನ್ನದೆ ‘ಹೆಚ್ಚೈತಿ’ ಎನ್ನುವ ರೂಢಿ. ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂದು ಅತ್ತೆ ಕಲಿಸಿದ್ದರು. ಫೋನಿಗೆ ಬಂದವರನ್ನು ಏನು ಮಾಡಬೇಕೆಂದು ಹೇಳುವ ಮೊದಲೇ ಲಿಂಗೈಕ್ಯರಾದರು.

ಹೋದ ತಿಂಗಳು ಒಂದು ಮುಂಜಾನೆ ಪೂಜೆ ಮುಗಿಸಿ ಏಳುತ್ತಿದ್ದಂತೆ ಒಬ್ಬ ಫೋನ್ ಮಾಡಿ, “ಅವ್ವಾರ, ನಿಮ್ಮನ್ನ ವಚನ ಬಳಗದ ಹೊಸ ಗ್ರೂಪಿಗೆ ಸೇರ್ಸಾಕತ್ತೀನ್ರಿ. ಈಗ ಆರಂಕಿ ನಂಬರ್ ಬರತೈತಿ, ಓದಿ ಹೇಳ್ರಿ” ಎಂದ. ಎಷ್ಟು ವಿನಯ! ಓದಿ ಹೇಳಿದೆ. ಮತ್ತೊಮ್ಮೆ ಹೇಳಲೇ ತಮ್ಮಾ ಎಂದೂ ಕೇಳಿದೆ. ಅಷ್ಟರಲ್ಲಿ ನನ್ನ ವಾಟ್ಸಾಪ್ ಅವನ ಪಾಲಾಗಿತ್ತು.

ನನಗದು ತಿಳಿದದ್ದು ಹುಮನಾಬಾದಿನಿಂದ ನಸೀಮಾ ಫೋನ್ ಮಾಡಿದಾಗ. ನಸೀಮಾ ನನ್ನ ಕುಪ್ಪಸ ಹೊಲಿಯುವವಳು. ನಮ್ಮ ಬಸವಕಲ್ಯಾಣದಲ್ಲಿ ದರ್ಜಿಗಳಿಗೇನು ಬರವಿಲ್ಲ. ಆದರೆ ತೋಳು ಅವಳಂತೆ ಕೂರಿಸುವವರಿಲ್ಲವೆಂದು ಹದಿನಾಲ್ಕು ವರ್ಷದಿಂದ ಬಸ್ಸು ಹತ್ತುತ್ತಿದ್ದೇನೆ.

“ಅಕ್ಕಾ, ನನ್ನ ಫೋನಿಗೆ ಬಂದ ಆರಂಕಿ ನಂಬರ್ ಕಳಸು ಅಂತ ನೀವು ಬರದೀರೇನು?”

“ನಾ ಯಾಕ ಬರೀಲಿ?”

“ಅನಕೊಂಡೆ! ‘ಊಟ ಆತೇನವ್ವಾ’ ಅನ್ನಲಾರದ ನೀವು ಎಂದಾರ ಮಾತು ಸುರು ಮಾಡೀರೇನು? ಈ ಬದ್ಮಾಶ್ ಸೀದಾ ನಂಬರ್ ಕೇಳಾಕತ್ತಾನ!”

ನನ್ನ ಫೋನಿನಲ್ಲಿ ಏನಿದೆ, ಭಜನೆ ಮತ್ತು ಉಪ್ಪಿನಕಾಯಿ ಹಾಕುವ ವಿಡಿಯೋ. ಅವಳ ಫೋನಿಗೆ ಎರಡು ತಾಲೂಕಿನ ಹೆಣ್ಣುಮಕ್ಕಳು ಹೊಸ ಕುಪ್ಪಸ ತೊಟ್ಟು, ಇಲ್ಲಿ ಬಿಗಿ, ಇಲ್ಲಿ ಸಡಿಲು ಎಂದು ಫೋಟೋ ಕಳಿಸುತ್ತಾರೆ. ಆ ಆರಂಕಿ ಹೋಗಿದ್ದರೆ ಅವನು ಅವಳ ಹೆಸರಿನಲ್ಲಿ ಒಬ್ಬೊಬ್ಬರಿಗೂ ‘ಫೋಟೋ ಕಳಸವ್ವಾ’ ಎಂದು ಬರೆಯುತ್ತಿದ್ದ. ಕೇಳಿದವಳು ನಸೀಮಾ ಎಂದು ಎಲ್ಲರೂ ಕಳಿಸುತ್ತಿದ್ದರು.

ಬೈಯುತ್ತಾಳೆಂದುಕೊಂಡೆ. ಅವಳು ಮಷೀನು ನಿಲ್ಲಿಸಿ, ನನ್ನ ಖಾತೆ ಮರಳಿ ಪಡೆಯುವುದನ್ನು ಒಂದೊಂದೇ ಹೊಲಿಗೆ ಹಾಕಿದಂತೆ ಹೇಳಿಕೊಟ್ಟಳು. ಕಳ್ಳ ಇನ್ನೂ ತನ್ನ ಪಿನ್ ಹಾಕಿರಲಿಲ್ಲ, ದೇವರ ದಯೆ. “ಒಂದು ಬಾಗಲಾ ಸಾಲಂಗಿಲ್ರಿ, ಎರಡನೇದು ಹಾಕ್ರಿ” ಎಂದು ನನ್ನ ಪಿನ್ ಹಾಕಿಸಿದಳು. “ನನಗೂ ಹೇಳಬ್ಯಾಡ್ರಿ ಮತ್ತ!” ಬಾಗಿಲ ಹಿಂದೆ ಬಾಗಿಲಿರುವ ಕೋಟೆಯ ಊರಿನಲ್ಲಿ ಬಾಳ್ವೆ ಮಾಡಿದವಳು ನಾನು, ಅದರ ಅರ್ಥ ಹೇಳಿದ್ದು ಹುಮನಾಬಾದಿನ ದರ್ಜಿ. ಆಮೇಲೆ ಪರಿಚಯದವರಿಗೆಲ್ಲ ಫೋನ್ ಮಾಡಿ ಎಚ್ಚರಿಸಿದೆ. ಯಾರೂ ಮೋಸ ಹೋಗಿರಲಿಲ್ಲ.

ಮರುವಾರ ಅವಳ ಅಂಗಡಿಗೆ ಹೋದೆ. ಮೋರಖಂಡಿಯಲ್ಲಿರುವ ತಮ್ಮನ ಮಗಳಿಗೆ ರೆಡಿಮೇಡ್ ಡ್ರೆಸ್ ಕೊಳ್ಳಬೇಕಿತ್ತು. ನಮ್ಮ ಮನೆತನದವರೆಲ್ಲ ಇಲ್ಲೇ ಹೊಲಿಸುವುದು. “ಅಕಿನ ಅಳತಿ ನೋಡಿ ಹೇಳವ್ವಾ” ಎಂದೆ.

ನಸೀಮಾ ಅಳತೆ ಪುಸ್ತಕದ ಮೇಲೆ ಕೈಯಿಟ್ಟಳು. “ತಡೀರಿ, ಅಕಿನ್ನ ಕೇಳತೀನಿ.”

“ಅಯ್ಯ, ನಾನ ಎದುರಿಗಿ ಕುಂತೀನಿ! ಕಳ್ಳ ಅಲ್ಲವ್ವಾ, ಖರೇನ ನಾನು!”

“ನೀವು ಖರೇ ಅಕ್ಕಾ. ಅಳತಿ ಅಕಿದು.”

ಮುಖ ಊದಿಸಿಕೊಂಡು ಕುಳಿತೆ. ಆ ಕಡೆ ಫೋನ್ ರಿಂಗಾಗುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ. ಆಗ ಹೊಳೆಯಿತು: ನನ್ನ ಸುತ್ತಳತೆಯ ಹದಿನಾಲ್ಕು ವರ್ಷದ ಏಳಿಗೆಯೆಲ್ಲ ಅದೇ ಪುಸ್ತಕದಲ್ಲಿ ದಾಖಲಾಗಿದೆ, ತಮ್ಮನ ಹೆಂಡತಿಯೂ ತಿಂಗಳಿಗೊಮ್ಮೆ ಇದೇ ಸ್ಟೂಲಿನ ಮೇಲೆ ಬಂದು ಕೂರುತ್ತಾಳೆ.

“ಸಾವಕಾಶ ಕೇಳವ್ವಾ,” ಎಂದೆ, “ಅವಸರೇನಿಲ್ಲ.”